ಹೊಲಿಗೆ ಬಿಚ್ಚಿದ ಮೇಲೆ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಮಾತು: "ಗಡ್ಡೆ ಪೂರ್ತಿ ತೆಗೆದಿದ್ದಾರಂತಲ್ಲ, ಮತ್ತೆ ಕೀಮೋ ಯಾಕೆ?" ಹೀಗೆ ಕೇಳಿದವರಲ್ಲಿ ಶಾಲೆಯ ಸಹೋದ್ಯೋಗಿಗಳಿದ್ದರು, ತವರಿನ ಚಿಕ್ಕಮ್ಮಂದಿರಿದ್ದರು, ಎಂಟನೆಯ ತರಗತಿಯಲ್ಲಿ ನನ್ನಿಂದಲೇ ಬೀಜಗಣಿತ ಕಲಿತು ಈಗ ಎಂಜಿನಿಯರ್ ಆಗಿರುವ ಹುಡುಗನೂ ಇದ್ದ. ಯಾರ ದನಿಯಲ್ಲೂ ಕುಹಕವಿರಲಿಲ್ಲ. ಇದ್ದದ್ದು ಒಂದು ಬಗೆಯ ನಿರಾಸೆ. ಆಪರೇಷನ್ನಿನ ದಿನ ದೇವರಿಗೆ ತುಪ್ಪದ ದೀಪ ಹಚ್ಚಿಟ್ಟು, ಫೋನಿನ ಪಕ್ಕದಲ್ಲೇ ಕುಳಿತು, ಎಲ್ಲ ಸರಿಯಾಯಿತೆಂಬ ಸುದ್ದಿ ಬಂದ ಮೇಲೆಯೇ ಊಟಕ್ಕೆ ಎದ್ದವರು ಇವರು. ಅಂಥವರಿಗೆ, ವಿಷಯ ಇನ್ನೂ ಮುಗಿದಿಲ್ಲ ಎಂದು ಹೇಳಬೇಕಾಗಿ ಬಂದಾಗಲೆಲ್ಲ, ಕೊಟ್ಟ ಮಾತಿನಿಂದ ನಾನು ಹಿಂದೆ ಸರಿಯುತ್ತಿದ್ದೇನೇನೋ ಎಂಬ ವಿಚಿತ್ರ ಸಂಕೋಚವಾಗುತ್ತಿತ್ತು.

ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ನನ್ನ ದೊಡ್ಡ ಕರುಳಿನ ಬಲಭಾಗದಲ್ಲಿದ್ದ ಗಡ್ಡೆಯನ್ನು ಅದರ ಸುತ್ತಲಿನ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸಮೇತ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸದೆ ಕಾಯಿಲೆಯ ಹಂತವನ್ನು ನಂಬಿಕೆಯಿಂದ ಹೇಳಲಾಗದಂತೆ. ನನ್ನವು 18 ಸಿಕ್ಕಿದ್ದವು, ಅವುಗಳಲ್ಲಿ 2ರಲ್ಲಿ ಕ್ಯಾನ್ಸರಿನ ಜೀವಕೋಶಗಳಿದ್ದವು. ಗ್ರಂಥಿಯವರೆಗೆ ದಾರಿ ಕಂಡುಕೊಂಡದ್ದು ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಸ್ಕ್ಯಾನಿಗೆ ಕಾಣಿಸದಷ್ಟು ಸಣ್ಣದಾಗಿ ಅಡಗಿರುವ ಸಾಧ್ಯತೆ ಇರುತ್ತದೆ, ಅದಕ್ಕಾಗಿ ಔಷಧಿ. ಇಷ್ಟನ್ನು ನಾನು ಬಂದವರಿಗೆಲ್ಲ ತರಗತಿಯಲ್ಲಿ ಹೇಳುವಂತೆಯೇ ಬಿಡಿಸಿ ಹೇಳಿದ್ದೇನೆ. ಅವರು ತಲೆಯಾಡಿಸಿದ್ದಾರೆ. ಆಮೇಲೆ ಏಳುವಾಗ, "ಏನೋ ಒಂದು, ದೊಡ್ಡದೆಲ್ಲ ಮುಗೀತಲ್ಲ" ಎಂದು ಹೇಳಿ ಹೋಗಿದ್ದಾರೆ.

ನನ್ನನ್ನು ಕಾಡುತ್ತಿರುವುದು ಈ ಕೊನೆಯ ಮಾತು. ಶಸ್ತ್ರಚಿಕಿತ್ಸೆ ನಮ್ಮ ಮನೆಗಳಿಗೆ ಅರ್ಥವಾಗುತ್ತದೆ. ಅದಕ್ಕೊಂದು ದಿನಾಂಕವಿದೆ, ಬಾಗಿಲ ಮೇಲೊಂದು ಕೆಂಪು ದೀಪವಿದೆ, ಹೊರಗೆ ಕಾಯುವುದಕ್ಕೆ ಬೆಂಚಿದೆ. ಬಂದು ಕುಳಿತರೆ ಸಾಕು, ಬಂಧುತ್ವ ಪೂರ್ಣವಾಗುತ್ತದೆ. ಕೀಮೋದಲ್ಲಿ ಹೀಗೆ ಬಂದು ಕೂರುವ ಘಳಿಗೆಯೇ ಇಲ್ಲ. ಗಾಯ ಒಣಗಿ, ಊಟ ಸೇರತೊಡಗಿ, ಅಂಗಳದವರೆಗೆ ಕೋಲಿಲ್ಲದೆ ನಡೆಯುವಷ್ಟು ಸುಧಾರಿಸಿದವಳನ್ನು ಕರೆದುಕೊಂಡು ಹೋಗಿ, ಮತ್ತೆ ಹಾಸಿಗೆ ಹಿಡಿಸಿ ತರುವ ಚಿಕಿತ್ಸೆ ಅದು. ಮತ್ತು ಅದು ತಿಂಗಳುಗಟ್ಟಲೆ ನಡೆಯುತ್ತದೆ. ಇಲ್ಲಿ ಬೇಕಾಗುವ ನೆರವೇ ಬೇರೆ ಜಾತಿಯದು. ಅದು ನಮಗೆ ತಾನಾಗಿ ಬರುವುದಿಲ್ಲ, ಕಲಿಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಯಾರು ಹೇಗೆ ಕಲಿತರು ಎಂಬುದನ್ನು, ಮೊದಲನೆಯ ಸುತ್ತು ಮುಗಿಸಿ ಎರಡನೆಯದಕ್ಕೆ ಕಾಯುತ್ತಿರುವ ಈ ಬಿಡುವಿನಲ್ಲಿ ಬರೆಯೋಣವೆನ್ನಿಸಿತು.

ಎಲ್ಲರೂ ಕಾಯ್ದ ಸಮಾಚಾರ

ಕಾಯಿಲೆ ಪತ್ತೆಯಾದ ಕಥೆಯನ್ನು ಬೇಗ ಮುಗಿಸುತ್ತೇನೆ. ಬಲಬದಿಯ ಕರುಳಿನ ಗಡ್ಡೆಗಳು ಹೊಟ್ಟೆನೋವಿನಿಂದಲ್ಲ, ರಕ್ತಹೀನತೆಯಿಂದ ತಮ್ಮ ಇರವನ್ನು ತಿಳಿಸುವುದೇ ಹೆಚ್ಚು. ಕಣ್ಣಿಗೆ ಕಾಣದಷ್ಟು ಸ್ವಲ್ಪಸ್ವಲ್ಪವೇ ರಕ್ತ ಸೋರುತ್ತಿರುತ್ತದೆ. ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದುದನ್ನು ಎಲ್ಲರೂ ವಯಸ್ಸಿನ ಖಾತೆಗೆ ಬರೆದಿದ್ದರು. ಹಿಮೋಗ್ಲೋಬಿನ್ 7.8 ಎಂದು ಬಂದಾಗ ಸಾಗರದ ನಮ್ಮ ಡಾಕ್ಟರು ಕಬ್ಬಿಣದ ಮಾತ್ರೆ ಬರೆದು ಸುಮ್ಮನಾಗದೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಿಸಿದರು. ಅಲ್ಲಿಂದ ಕೊಲೊನೋಸ್ಕೋಪಿ, ಸ್ಕ್ಯಾನ್, ಬೆಂಗಳೂರು.

ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪಾಸು ಎಂಬುದು ಆಸ್ಪತ್ರೆಯ ನಿಯಮ. ನಮ್ಮವರು ಒಂದು ಪಾಸಿನಲ್ಲಿ ಸರದಿಯ ಮೇಲೆ ಎಷ್ಟು ಮಂದಿ ಬಂದರೋ ಭದ್ರತಾ ಸಿಬ್ಬಂದಿಗೂ ಲೆಕ್ಕ ಸಿಕ್ಕಿರಲಾರದು. ತಾಳಗುಪ್ಪದ ರೈಲು ಹತ್ತಿ ಊರಿನಿಂದ ಬಂದವರು ಬೆಳಿಗ್ಗೆ ಇಳಿದು ನೇರ ಆಸ್ಪತ್ರೆಗೇ ಬರುತ್ತಿದ್ದರು. ನನ್ನ ತಮ್ಮನ ಕೈಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲು. ಪ್ರತಿ ಮನೆಯಲ್ಲೂ ಫೈಲು ಹಿಡಿಯುವವರು ಒಬ್ಬರು ಇರುತ್ತಾರೆಂದು ಕಾಣುತ್ತದೆ. ಕಾಯಿಲೆಯ ವಿಷಯದಲ್ಲಿ ರೋಗಿಗಿಂತ ಅವರಿಗೇ ಅಧಿಕಾರ ಹೆಚ್ಚು. ನನ್ನ ರಕ್ತದ ಗುಂಪನ್ನು ನನ್ನನ್ನು ಕೇಳಿದಾಗಲೂ ಉತ್ತರ ಕೊಟ್ಟವನು ಅವನೇ.

ಕರುಳನ್ನು ಕತ್ತರಿಸಿ ಜೋಡಿಸಿದ ಮೇಲೆ ಅದು ಕೆಲವು ಕಾಲ ಸ್ತಬ್ಧವಾಗುತ್ತದೆ. ಅದು ಮತ್ತೆ ಚಲಿಸತೊಡಗಿತು ಎಂಬುದಕ್ಕೆ ಮೊದಲ ಸಾಕ್ಷಿ ಅಪಾನವಾಯು. ಸರ್ಜನ್ ದಿನಾ ಬೆಳಿಗ್ಗೆ ತಮ್ಮ ಕಿರಿಯರ ಹಿಂಡಿನೊಂದಿಗೆ ಬಂದು, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಗಂಭೀರವಾಗಿ "ಗ್ಯಾಸ್ ಹೋಯಿತಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು, ಅದನ್ನು ಕಂಡು ನಮ್ಮವರ ಮುಖ ಇನ್ನೂ ಸಣ್ಣದಾಗುತ್ತಿತ್ತು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಧನವನ್ನು ಬಾಯಿಗಿಟ್ಟು ಉಸಿರೆಳೆಯುವುದು, ಹೊಟ್ಟೆಗೆ ಪಟ್ಟಿ ಬಿಗಿದು ಡ್ರೇನಿನ ಚೀಲವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ನಡೆಯುವುದು, ಇವೆರಡೇ ಆಗ ನನ್ನ ಉದ್ಯೋಗ. ಯಜಮಾನರು ಪಕ್ಕದಲ್ಲಿ ಸಲೈನ್ ಕಂಬ ತಳ್ಳಿಕೊಂಡು ಬರುತ್ತಿದ್ದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ನಾವಿಬ್ಬರೂ ಅಷ್ಟು ನಿಧಾನವಾಗಿ, ಅಷ್ಟು ಹೊತ್ತು ಜೊತೆಯಾಗಿ ನಡೆದದ್ದಿಲ್ಲ. ತೋಟದಲ್ಲಿ ಅವರು ಯಾವಾಗಲೂ ಹತ್ತು ಹೆಜ್ಜೆ ಮುಂದೆ.

ಕೊನೆಗೊಂದು ಮಧ್ಯಾಹ್ನ ಆ ಶುಭವಾರ್ತೆ ಬಂತು. ಯಜಮಾನರು ನರ್ಸಿಗೆ ಹೇಳುವ ಮೊದಲೇ ತಮ್ಮನಿಗೆ ಹೇಳಿದರು, ತಮ್ಮ ಊರಿಗೆ ಫೋನು ಹಚ್ಚಿದ. ಎಂಬತ್ತು ದಾಟಿದ ನಮ್ಮ ಅತ್ತೆಯವರಿಗೆ ಕಿವಿ ಮಂದವಾದ್ದರಿಂದ ವಿಷಯವನ್ನು ಕಾರಿಡಾರಿನ ತುಂಬ ಕೇಳುವಂತೆ ಸ್ಪಷ್ಟ ಕನ್ನಡದಲ್ಲಿ ಹೇಳಬೇಕಾಯಿತು. ಪಕ್ಕದ ಹಾಸಿಗೆಯ ಅಜ್ಜಿಯ ಮಗ ಎದ್ದು ಬಂದು ಅಭಿನಂದನೆ ಹೇಳಿದರು. ಹೊಲಿಗೆ ಎಳೆಯುವಷ್ಟು ನಗು ಬಂತು, ಹೊಟ್ಟೆ ಹಿಡಿದುಕೊಂಡೇ ನಕ್ಕೆ. ಇಷ್ಟು ದೀರ್ಘವಾಗಿ ಇದನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ದಿನಗಳಲ್ಲಿ ನನ್ನ ದೇಹದ ಪ್ರತಿಯೊಂದು ಸಂಗತಿಯೂ ಎಲ್ಲರಿಗೂ ಸೇರಿದ್ದಾಗಿತ್ತು, ಮತ್ತು ಪ್ರತಿಯೊಂದು ಸುದ್ದಿಯೂ ಹಿಂದಿನದಕ್ಕಿಂತ ಒಳ್ಳೆಯ ಸುದ್ದಿಯಾಗಿತ್ತು. ನಳಿಕೆ ತೆಗೆದರು, ಗಂಜಿ ಕುಡಿದಳು, ನಡೆದಳು, ಹೊಲಿಗೆ ಬಿಚ್ಚಿದರು. ಮೇಲ್ಮುಖವಾಗಿಯೇ ಏರುವ ಈ ರೇಖೆಗೆ ಜನ ಬರುತ್ತಾರೆ. ಕೀಮೋದ ರೇಖೆ ಹಾಗಿಲ್ಲ.

ಡಾಕ್ಟರ ಮೇಜಿನ ಎದುರು

ಕೀಮೋವನ್ನು ಶಿವಮೊಗ್ಗದಲ್ಲಿ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಹಿಂದೆ ನಮ್ಮ ಕಡೆಯವರು ಇದಕ್ಕಾಗಿ ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಬೇಕಿತ್ತು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಧರ್ಮಶಾಲೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು ನಮ್ಮ ಹೋಬಳಿಯಲ್ಲೇ ಸಿಗುತ್ತಾರೆ. 2025ರಲ್ಲಿ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ವ್ಯವಸ್ಥೆ. ಕುಟುಂಬದ ಬೆಂಬಲದ ಬಗ್ಗೆ ನಾವು ಭಾವುಕರಾಗಿ ಮಾತನಾಡುತ್ತೇವೆ. ಆದರೆ ಆಸ್ಪತ್ರೆ ಮನೆಯಿಂದ 70 ಕಿಲೋಮೀಟರಿನಲ್ಲಿದೆಯೇ 350 ಕಿಲೋಮೀಟರಿನಲ್ಲಿದೆಯೇ ಎಂಬುದರ ಮೇಲೆ ಆ ಬೆಂಬಲ ಎಷ್ಟು ದಿನ ಬಾಳುತ್ತದೆಂಬುದು ನಿಂತಿರುತ್ತದೆ.

ಮೊದಲ ಭೇಟಿಗೆ ನಾನು, ಯಜಮಾನರು, ಫೈಲಿನ ಸಮೇತ ತಮ್ಮ. ಡಾಕ್ಟರು ನಿಧಾನಸ್ಥರು. ಗಾಯ ಮಾಯಲು ಸಮಯ ಕೊಡಬೇಕು, ಆದರೆ ಎಂಟು ವಾರ ಮೀರುವುದು ಬೇಡ ಎಂದರು. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಡ್ರಿಪ್ಪಿನಲ್ಲಿ, ಜೊತೆಗೆ 14 ದಿನ ಎರಡು ಹೊತ್ತು ಕ್ಯಾಪೆಸಿಟಬಿನ್ ಮಾತ್ರೆ, ಆಮೇಲೆ ಒಂದು ವಾರ ಬಿಡುವು. ಇದು ಒಂದು ಸುತ್ತು. ಹಿಂದೆ ಇಂಥ ಎಂಟು ಸುತ್ತು, ಅಂದರೆ ಆರು ತಿಂಗಳು ಕೊಡುತ್ತಿದ್ದರು. ನನಗೆ ನಾಲ್ಕು ಸಾಕಾಗಬಹುದು ಎಂದು ಹೇಳಿ, ಕಾರಣವನ್ನು ಕಾಗದದ ಮೇಲೆ ಬರೆದು ತೋರಿಸಿದರು. 2018ರಲ್ಲಿ ಪ್ರಕಟವಾದ 'ಐಡಿಯಾ' ಎಂಬ ಅಧ್ಯಯನದಲ್ಲಿ ಆರು ಪ್ರಯೋಗಗಳ 12,834 ರೋಗಿಗಳನ್ನು ಹೋಲಿಸಿದ್ದಾರೆ. ನನ್ನಂತೆ ಮೂರಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಹರಡದ, ಗಡ್ಡೆಯೂ ಕರುಳಿನ ಹೊರಪದರ ಒಡೆದು ಆಚೆ ಹೋಗದ ಗುಂಪಿನಲ್ಲಿ, ಇದೇ ಡ್ರಿಪ್ಪು ಮತ್ತು ಮಾತ್ರೆಯ ಜೋಡಿಯನ್ನು ಮೂರು ತಿಂಗಳು ತೆಗೆದುಕೊಂಡವರಲ್ಲಿ ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ಶೇ 85. ಆರು ತಿಂಗಳು ತೆಗೆದುಕೊಂಡವರಲ್ಲಿ ಶೇ 83.1. ಲಾಭದಲ್ಲಿ ವ್ಯತ್ಯಾಸವಿಲ್ಲ. ಬೆರಳುಗಳ ನರಕ್ಕೆ ಆಗುವ ಹಾನಿ ಮಾತ್ರ ಮೂರು ತಿಂಗಳಿನವರಲ್ಲಿ ಸುಮಾರು ಮೂರನೇ ಒಂದರಷ್ಟು.

ತಮ್ಮ ಕುರ್ಚಿಯ ಅಂಚಿಗೆ ಬಂದ. "ಡಾಕ್ಟ್ರೇ, ಖರ್ಚಿನ ಪ್ರಶ್ನೆ ಅಲ್ಲ. ಪೂರ್ತಿ ಆರು ತಿಂಗಳೇ ಕೊಟ್ಟುಬಿಡಿ."

ಆ ಮಾತಿನಲ್ಲಿ ಅವನ ಪ್ರೀತಿಯೆಲ್ಲ ಇತ್ತು. ಅಕ್ಕನಿಗೆ ಕಡಿಮೆ ಔಷಧಿ ಕೊಡಿಸಿದೆ ಎಂಬ ಮಾತು ನಾಳೆ ತನ್ನ ಮೇಲೆ ಬರಬಾರದೆಂಬ ಹೆದರಿಕೆಯೂ ಇತ್ತು. ಯಜಮಾನರು ನೆಲ ನೋಡುತ್ತಿದ್ದರು. ಡಾಕ್ಟರು ಇಬ್ಬರನ್ನೂ ದಾಟಿ ನನ್ನ ಕಡೆ ತಿರುಗಿ, "ಟೀಚರ್, ನೀವೇನಂತೀರಿ?" ಎಂದರು. ಇಡೀ ಕಾಯಿಲೆಯಲ್ಲಿ ನನ್ನ ಅಭಿಪ್ರಾಯವನ್ನು ಒಬ್ಬರು ನೇರವಾಗಿ ಕೇಳಿದ್ದು ಅದೇ ಮೊದಲು. ಎಲ್ಲಿ ಆಪರೇಷನ್, ಯಾವ ವಾರ್ಡು, ಯಾರಿಗೆ ಹೇಳುವುದು, ಯಾರಿಗೆ ಮುಚ್ಚಿಡುವುದು, ಎಲ್ಲವೂ ನನ್ನ ಮೇಲಿನ ಅಕ್ಕರೆಯಿಂದಲೇ, ನನ್ನ ತಲೆಯ ಮೇಲಿನಿಂದ ನಡೆದಿತ್ತು. ನಾನು ಕಾಗದ ಕೇಳಿ ತೆಗೆದುಕೊಂಡು ಅಂಕಿಗಳನ್ನು ಇನ್ನೊಮ್ಮೆ ನೋಡಿದೆ. ಸೀಮೆಸುಣ್ಣ ಹಿಡಿದು ಬದುಕಿದವಳು ನಾನು. ನಿವೃತ್ತಿಗೆ ಇನ್ನೂ ವರ್ಷಗಳಿವೆ. ಬೆರಳುಗಳು ನನಗೆ ಬೇಕು. ಮೂರು ತಿಂಗಳು ಸಾಕು ಎಂದೆ. ತಮ್ಮ ಶಿವಮೊಗ್ಗದ ಬಸ್ ಸ್ಟ್ಯಾಂಡ್ ಬರುವವರೆಗೂ ಮಾತಾಡಲಿಲ್ಲ. ಆಟೊದಲ್ಲಿ ಯಜಮಾನರು ಕೇಳಿದ್ದು ಇಷ್ಟೇ: "ಅಂದ್ರೆ ಫೆಬ್ರವರಿಗೆ ಮುಗೀತದೆ ಅಲ್ವಾ?"

ಇನ್ನೊಂದು ಲೆಕ್ಕದ ಬಗ್ಗೆ ಹೇಳದಿದ್ದರೆ ಗಣಿತದ ಮೇಷ್ಟರಿಣಿ ಎನ್ನಿಸಿಕೊಂಡದ್ದಕ್ಕೆ ಅರ್ಥವಿಲ್ಲ. ಕೀಮೋದ ಪ್ರಮಾಣವನ್ನು ದೇಹದ ಹೊರಮೈಯ ವಿಸ್ತೀರ್ಣದ ಮೇಲೆ ನಿರ್ಧರಿಸುತ್ತಾರೆ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 1987ರಲ್ಲಿ ಮಾಸ್ಟೆಲರ್ ಎಂಬವರು ಕೊಟ್ಟ ಸೂತ್ರ. ನನ್ನದು 154 ಸೆಂಟಿಮೀಟರ್, 52 ಕಿಲೋ. ಉತ್ತರ 1.49 ಚದರ ಮೀಟರ್. ಚದರ ಮೀಟರಿಗೆ 130 ಮಿಲಿಗ್ರಾಮಿನಂತೆ ಡ್ರಿಪ್ಪಿನ ಔಷಧಿ 194 ಮಿಲಿಗ್ರಾಂ. ಮಾತ್ರೆ ಹೊತ್ತಿಗೆ 1500, ಅಂದರೆ 500ರವು ಮೂರು. ಡಾಕ್ಟರ ಚೀಟಿಗೂ ನನ್ನ ಲೆಕ್ಕಕ್ಕೂ ತಾಳೆಯಾಯಿತು. ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ಅಳುತ್ತಿದ್ದವನು ನಕ್ಕ, ನಕ್ಕವನು ತಾನೂ ಲೆಕ್ಕ ಮಾಡಿ ನೋಡಿದ. ಆಕ್ಸಾಲಿಪ್ಲಾಟಿನ್ನಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ಲಾಟಿನಂ ಎಂಬುದನ್ನು ಹುಡುಕಿ ಹೇಳಿದವನೂ ಅವನೇ. ಹೀಗೆ ಒಂದೊಂದು ಸಲಕ್ಕೆ ನೂರು ಮಿಲಿಗ್ರಾಮಿನ ಹತ್ತಿರ ಪ್ಲಾಟಿನಂ ನನ್ನ ಮೈಸೇರುತ್ತದೆ. ಯಜಮಾನರಿಗೆ ಹೇಳಿದರೆ, "ಈಗ ಚಿನ್ನವೇ ಅದಕ್ಕಿಂತ ದುಬಾರಿ" ಎಂದರು.

ಊರಿನ ಸಲಹೆಗಳು

ಸಾಗರ ತಾಲ್ಲೂಕಿನವರಿಗೆ ಕ್ಯಾನ್ಸರ್ ಬಂದರೆ ಇನ್ನೊಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು: ನರಸೀಪುರದ ಔಷಧಿ ತಂದಿರಾ? ಮರದ ತೊಗಟೆಯ ಆ ಔಷಧಿಗಾಗಿ ನಮ್ಮ ತಾಲ್ಲೂಕಿನದೇ ಆ ಹಳ್ಳಿಗೆ ದೇಶದ ಮೂಲೆಮೂಲೆಗಳಿಂದ ಜನ ಬಂದು ರಾತ್ರಿಯಿಂದಲೇ ಸರದಿ ನಿಂತದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು. ಮಹಾರಾಷ್ಟ್ರದಿಂದ, ಉತ್ತರದಿಂದ ಜನ ಬರುವಾಗ, ಊರಿನವಳು ನಾನು ಹೋಗದಿರುವುದು ಅಹಂಕಾರವೆಂದು ಕೆಲವರಿಗೆ ಅನ್ನಿಸಿತು. ಡಾಕ್ಟರನ್ನು ಕೇಳಿದೆವು. ಅವರು ಗೇಲಿ ಮಾಡಲಿಲ್ಲ. ಕೀಮೋ ನಡೆಯುವ ತಿಂಗಳುಗಳಲ್ಲಿ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಆ ಔಷಧಿಗಳನ್ನು ಸಂಭಾಳಿಸುವುದೇ ದೊಡ್ಡ ಕೆಲಸ. ಬೇರೆ ಯಾವ ಕಷಾಯ, ಚೂರ್ಣ ಸೇರಿಸಿದರೂ ನಾಳೆ ರಕ್ತಪರೀಕ್ಷೆಯಲ್ಲಿ ಏರುಪೇರಾದಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ ಎಂದರು. ಲಕ್ಷ್ಮಣಫಲದ ಎಲೆ, ಪಪ್ಪಾಯಿ ಎಲೆಯ ರಸ, ಗೋಧಿಹುಲ್ಲು, ಎಲ್ಲದಕ್ಕೂ ಇದೇ ಉತ್ತರ. ಬೇಡ ಎನ್ನುವ ಹೊಣೆಯನ್ನು ಅತ್ತೆಯವರು ಹೊತ್ತುಕೊಂಡರು. ಯಾರೇ ಏನೇ ತಂದುಕೊಟ್ಟರೂ ತೆಗೆದುಕೊಂಡು, "ಫೆಬ್ರವರಿ ಕಳೀಲಿ" ಎಂದು ಗೂಡಿನಲ್ಲಿಟ್ಟುಬಿಡುತ್ತಾರೆ. ಕೊಟ್ಟವರಿಗೆ ಬೇಸರವಿಲ್ಲ, ನನಗೆ ವಾದವಿಲ್ಲ. ಸಿಗಂದೂರಿನ ಚೌಡಮ್ಮನಿಗೆ ಅವರದೇ ಒಂದು ಹರಕೆಯಿದೆ, ಅದು ಯಕೃತ್ತಿಗೆ ಭಾರವಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿಗೆ ಕಾಯುವ ಗೋಜೂ ಇಲ್ಲವಾದ್ದರಿಂದ, ಚಿಕಿತ್ಸೆ ಮುಗಿದ ವಾರವೇ ಹೋಗಿಬರಬೇಕೆಂದು ಅವರ ಅಪ್ಪಣೆಯಾಗಿದೆ.

ತಣ್ಣಗಿನದೆಲ್ಲ

ಮೊದಲ ಡ್ರಿಪ್ಪು ನವೆಂಬರಿನ ಕೊನೆಯಲ್ಲಿ. ಆಕ್ಸಾಲಿಪ್ಲಾಟಿನ್ನನ್ನು ಸಲೈನಿನಲ್ಲಿ ಬೆರೆಸಿದರೆ ಅದರೊಳಗಿನ ಕ್ಲೋರೈಡಿನಿಂದ ಕೆಡುತ್ತದೆ, ಹಾಗಾಗಿ ಗ್ಲೂಕೋಸಿನಲ್ಲಿಯೇ ಕೊಡುತ್ತಾರೆ. ಎರಡು ಗಂಟೆಯ ಕೆಲಸ. ವಾಂತಿ ಬಾರದಿರಲು ಮೊದಲೇ ಚುಚ್ಚುಮದ್ದು. ಅರ್ಧ ಮುಗಿಯುವ ಹೊತ್ತಿಗೆ ತೋಳಿನುದ್ದಕ್ಕೂ ನೋವು ಹತ್ತಿತು. ನರ್ಸು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ತೋಳಿನ ಮೇಲಿಟ್ಟರು. ಆಮೇಲೆ ನನ್ನ ಜೊತೆ ಬಂದಿದ್ದ ಓರಗಿತ್ತಿಯನ್ನು ಕರೆದು, ತಣ್ಣಗಿನ ಯಾವುದನ್ನೂ ಇವರು ಮುಟ್ಟಬಾರದು, ಕುಡಿಯಬಾರದು, ತಣ್ಣನೆಯ ಗಾಳಿಗೆ ಬಾಯಿ ತೆರೆದು ಉಸಿರಾಡಬಾರದು ಎಂದು ಹೇಳಿಕೊಟ್ಟರು.

ಬೇಸಿಗೆಯ ರಾಯಚೂರಿನಲ್ಲಿ ಈ ಸೂಚನೆ ಸುಲಭವಿರಬಹುದು. ಡಿಸೆಂಬರಿನ ಮಲೆನಾಡಿನಲ್ಲಿ ತಣ್ಣಗಿಲ್ಲದ ವಸ್ತುವೇ ಇಲ್ಲ. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಸ್ಟೀಲಿನ ಚೊಂಬಿಗೆ ಕೈಹಾಕಿದೆ. ಬೆರಳ ತುದಿಯಿಂದ ಮೊಣಕೈವರೆಗೆ, ಗದ್ದೆ ಬೇಲಿಯ ಕರೆಂಟು ತಂತಿ ಮುಟ್ಟಿದರೆ ಹೊಡೆಯುವಂಥ ಹೊಡೆತ. ಚೊಂಬು ಉರುಳಿ ಬಚ್ಚಲವರೆಗೆ ಹೋಯಿತು. ಅದೇ ದಿನ ಎರಡು ಗುಟುಕು ನೀರು ಕುಡಿದಾಗ ಗಂಟಲು ಮುಚ್ಚಿಹೋಯಿತೆಂದೇ ಅನ್ನಿಸಿತು. ಉಸಿರು ಸಾಗುತ್ತಿತ್ತು, ಆದರೆ ಸಾಗುತ್ತಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಊಟದ ಮೊದಲ ತುತ್ತಿಗೆ ದವಡೆಯ ಮೂಲದಲ್ಲಿ ಸೆಳೆತ. ಎರಡನೆಯ ತುತ್ತಿನ ಹೊತ್ತಿಗೆ ಮಾಯ. ನರ್ಸು ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ, ನೋಡುತ್ತಿದ್ದವರು ಹೆದರಿದರು.

ಇಲ್ಲಿಂದ ಮುಂದೆ ಓರಗಿತ್ತಿ ವಹಿಸಿಕೊಂಡಳು. ನಮ್ಮದು ಒಂದೇ ಮನೆ, ಎರಡು ಅಡುಗೆಮನೆ. ಇಪ್ಪತ್ತು ವರ್ಷಗಳಿಂದ ಹಾಗೆಯೇ, ಅದಕ್ಕೆ ಕಾರಣಗಳಿದ್ದವು, ಈಗ ನೆನಪಿಗೆ ಬರುವಷ್ಟು ದೊಡ್ಡವಲ್ಲ. ಆಕೆ ಕಾಯಿಲೆಯ ಬಗ್ಗೆ ನನ್ನೊಡನೆ ಒಂದು ಮಾತನ್ನೂ ಆಡಿದವಳಲ್ಲ, ಧೈರ್ಯ ಹೇಳಿದವಳೂ ಅಲ್ಲ. ಚೊಂಬು ಉರುಳಿದ ಮಧ್ಯಾಹ್ನವೇ ನನ್ನ ಕೈಗೆ ಸಿಗುವ ಸ್ಟೀಲಿನ ಲೋಟ, ಚಮಚಗಳೆಲ್ಲ ಅಟ್ಟ ಸೇರಿದವು. ಬಚ್ಚಲ ನಲ್ಲಿಯ ಕಿವಿಗೆ ಹಳೆಯ ಪಂಚೆಯ ತುಂಡು ಸುತ್ತಿಕೊಂಡಿತು. ಫ್ರಿಜ್ಜಿನ ಹಿಡಿಕೆಗೆ ಕೆಂಪು ದಾರ, ಅದನ್ನು ನಾನು ತೆರೆಯಕೂಡದೆಂಬುದಕ್ಕೆ. ಹಂಡೆಯ ಒಲೆ ನಸುಕಿನಿಂದ ರಾತ್ರಿವರೆಗೆ ಆರುವುದಿಲ್ಲ. ನಮ್ಮ ಊಟದಲ್ಲಿ ತಂಬುಳಿಯಿಲ್ಲದ ಮಧ್ಯಾಹ್ನವಿಲ್ಲ, ತಂಬುಳಿಯನ್ನು ಬಿಸಿ ಮಾಡಿದರೆ ಒಡೆಯುತ್ತದೆ. ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ, ಕಾಯಿಯ ಜೊತೆ ರುಬ್ಬಿ, ಮಜ್ಜಿಗೆಯ ಬದಲು ಬೇಳೆಯ ಕಟ್ಟಿನಲ್ಲಿ ಕುದಿಸಿ ಆಕೆ ಒಂದು ಹೊಸ ಪದಾರ್ಥ ಮಾಡಿದಳು. ಅದಕ್ಕಿನ್ನೂ ಹೆಸರಿಲ್ಲ. ಚೆನ್ನಾಗಿದೆ ಎಂದರೆ, "ಉಪ್ಪು ಕಮ್ಮಿ ಆತು ಅಕ್ಕಾ" ಎನ್ನುತ್ತಾಳೆ. ಊಟವಾದ ಅರ್ಧ ಗಂಟೆಯೊಳಗೆ ಮಾತ್ರೆ ನುಂಗಬೇಕು. ಆ ಹೊತ್ತಿಗೆ ಸರಿಯಾಗಿ ಉಗುರುಬೆಚ್ಚಗಿನ ನೀರು ಪಕ್ಕದಲ್ಲಿ ಬಂದು ಕೂರುತ್ತದೆ, ತಂದವಳು ಕಾಣುವುದಿಲ್ಲ.

ನೋಡಲು ಬರುವವರಿಗೆ ಇದಾವುದೂ ಕಾಣಿಸದು. ಅವರು ನೋಡುವುದು ತಲೆಗೂದಲನ್ನು. ಈ ಔಷಧಿಗಳಲ್ಲಿ ಕೂದಲು ತೆಳುವಾಗಬಹುದೇ ಹೊರತು ಸಾಮಾನ್ಯವಾಗಿ ಪೂರ್ತಿ ಉದುರುವುದಿಲ್ಲ. ನನ್ನ ಜಡೆ ಹಾಗೆಯೇ ಇರುವುದನ್ನು ಕಂಡು ಒಬ್ಬರಂತೂ, "ಓ, ಹಾಗಾದ್ರೆ ಸಣ್ಣ ಕೀಮೋ" ಎಂದು ಸಮಾಧಾನಪಟ್ಟರು. ಸಿನಿಮಾಗಳು ಬೋಳುತಲೆಯನ್ನೇ ಕೀಮೋದ ಗುರುತಾಗಿ ಮಾಡಿ ನಮ್ಮಂಥವರಿಗೆ ಅನ್ಯಾಯ ಮಾಡಿವೆ.

ಡ್ರಿಪ್ಪಿನ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದವರು ಸೊರಬದ ಕಡೆಯ ಹೆಂಗಸು. ಇದೇ ಮಾತ್ರೆಯನ್ನು ನನಗಿಂತ ಬಹಳ ಮೊದಲಿನಿಂದ ತೆಗೆದುಕೊಳ್ಳುತ್ತಿರುವವರು. ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪೇರಿ ಸಿಪ್ಪೆ ಏಳುತ್ತವೆ; ಅವರ ಹೆಬ್ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ಗುರುತಿಸಲೊಲ್ಲದು. ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಸಿಂಗಪುರದ ರೋಗಿಯೊಬ್ಬರನ್ನು ಗಂಟೆಗಟ್ಟಲೆ ತಡೆದಿಟ್ಟ ಪ್ರಸಂಗವನ್ನು ಅವರ ವೈದ್ಯರು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದಿದ್ದರು. ಸೊರಬದಲ್ಲಿ ಅಷ್ಟು ದೂರ ಹೋಗಲಿಲ್ಲ. ಕಾರ್ಡಿನಲ್ಲಿ ಹೆಸರಿದ್ದ ಸೊಸೆ ತನ್ನ ಹೆಬ್ಬೆರಳು ಒತ್ತಿ ಅಕ್ಕಿ ತರುತ್ತಿದ್ದಾಳೆ. "ನನ್ ಬೆಟ್ಟು ಅವ್ಳ ಹತ್ರ ಅದೆ" ಎಂದು ಆಕೆ ನಕ್ಕರು. ಚಿಕಿತ್ಸೆಯ ಖರ್ಚು ಅವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಗುತ್ತಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಜೊತೆಗೆ ಬರುವ ಸೊಸೆಯ ಕೂಲಿ ಹೋಗುವುದಕ್ಕೆ ಯಾವ ಯೋಜನೆಯೂ ಇಲ್ಲ.

ಆ ಕೋಣೆಯಲ್ಲಿ ಕುಳಿತು ಗಮನಿಸಿದ್ದೊಂದಿದೆ. ಗಂಡಸು ರೋಗಿಗಳ ಪಕ್ಕದಲ್ಲಿ ಹೆಂಡತಿಯರಿದ್ದರು. ಹೆಂಗಸು ರೋಗಿಗಳ ಪಕ್ಕದಲ್ಲಿ ಅಕ್ಕತಂಗಿಯರು, ಮಗಳು, ಸೊಸೆ, ನನ್ನಂತೆ ಓರಗಿತ್ತಿ. ಗಂಡಂದಿರು ಹೊರಗೆ ಔಷಧಿ ಅಂಗಡಿಯ ಸಾಲಿನಲ್ಲಿ, ಬಿಲ್ಲಿನ ಕೌಂಟರಿನಲ್ಲಿ. ಅವರಿಗೆ ಮನಸ್ಸಿಲ್ಲವೆಂದಲ್ಲ. ಕೂರುವುದನ್ನು ಅವರಿಗೆ ಯಾರೂ ಕಲಿಸಿಲ್ಲ, ಓಡಾಡುವುದನ್ನು ಕಲಿಸಿದ್ದಾರೆ. 'ಕುಟುಂಬದ ಬೆಂಬಲ' ಎಂದು ನಾವು ಧಾರಾಳವಾಗಿ ಹೇಳುವುದರ ಬಹುಪಾಲು ಒಬ್ಬಿಬ್ಬರು ಹೆಂಗಸರ ದುಡಿಮೆ. ಅದನ್ನು ಇಡೀ ಕುಟುಂಬದ ಹೆಸರಿಗೆ ಬರೆಯುವುದು ಸರಿಯಾದ ಲೆಕ್ಕವಲ್ಲ.

ಕೊಯ್ಲಿನ ಕಾಲ

ಇಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಕಾಯಿಲೆ ಯಾವ ಮನೆಗೂ ಅನುಕೂಲದ ಕಾಲ ನೋಡಿ ಬರುವುದಿಲ್ಲ. ಕೊನೆ ಇಳಿಸುವುದು, ರಾತ್ರಿ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ವರ್ಷದ ದುಡಿಮೆಯೆಲ್ಲ ಈ ಕೆಲವು ವಾರಗಳಲ್ಲಿ. ಅಡಿಕೆ ಬೇಯಿಸುವ ಚೊಗರಿನ ವಾಸನೆ ನನಗೆ ಹುಟ್ಟಿದಾರಭ್ಯ ಪರಿಚಿತ. ಈ ಸಲ ಮೊದಲ ಹಂಡೆ ಕುದಿಯತೊಡಗಿದೊಡನೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಯಜಮಾನರು ಏನೂ ಹೇಳಲಿಲ್ಲ. ಮರುದಿನ ಏಳುವ ಹೊತ್ತಿಗೆ ಅಂಗಳದ ಒಲೆ ಕೊಟ್ಟಿಗೆಯ ಹಿಂದಕ್ಕೆ ಹೋಗಿತ್ತು. ಮೂರು ತಲೆಮಾರಿನಿಂದ ಅಲ್ಲಿದ್ದ ಒಲೆಯದು. ದೂರವಾದದ್ದರಿಂದ ಹೊತ್ತು ತರುವ ಕೆಲಸ ಎರಡರಷ್ಟಾಗಿ, ಆಳುಗಳು ಗೊಣಗಿದರು. ಕೂತು ಕೈಹಿಡಿಯಲು ಬಾರದವರ ಭಾಷೆ ಇದು. ಮೂವತ್ತು ವರ್ಷದಲ್ಲಿ ನನಗೆ ಇದನ್ನು ಓದಲು ಬರುತ್ತದೆ.

ಆದರೆ ಒಂದು ವಿಷಯದಲ್ಲಿ ಜಗಳವಾಯಿತು. ಸುಲಿಯುವವರ ಲೆಕ್ಕದ ಪುಸ್ತಕ ಮದುವೆಯಾಗಿ ಬಂದ ವರ್ಷದಿಂದ ನನ್ನ ಕೈಯಲ್ಲಿದೆ. ಯಾರು ಎಷ್ಟು ಸುಲಿದರು, ಯಾರ ಮುಂಗಡ ಎಷ್ಟು ಉಳಿದಿದೆ, ಎಲ್ಲ ರಾತ್ರಿಯೇ ಬರೆದು ಮುಗಿಸಬೇಕು. ಈ ವರ್ಷ ಯಜಮಾನರು ಅದನ್ನು ಮೈದುನನ ಕೈಗೆ ಕೊಟ್ಟು, "ನೀನು ಮಲಕ್ಕೋ" ಎಂದರು. ಮಲಗಿದೆ. ಚಾವಡಿಯಲ್ಲಿ ಸುಲಿಯುವ ಕತ್ತಿಗಳ ಸದ್ದು, ಮಾತು, ನಗು. ನಾನು ಬಂದರೆ ಎಲ್ಲರೂ ದನಿ ತಗ್ಗಿಸುತ್ತಾರೆಂಬುದು ಗೊತ್ತಿದ್ದರಿಂದ ಕೋಣೆಯಲ್ಲೇ. ಎಲ್ಲ ಕೆಲಸಗಳಿಂದ ಬಿಡುಗಡೆ ಮಾಡುವುದೇ ಆರೈಕೆ ಎಂಬ ನಂಬಿಕೆ ಆಪರೇಷನ್ನಿನ ಕಾಲಕ್ಕೆ ಸರಿ. ಅಲ್ಲಿ ವಿಶ್ರಾಂತಿಯೇ ಔಷಧಿ, ಅದಕ್ಕೊಂದು ಕೊನೆಯೂ ಇದೆ. ತಿಂಗಳುಗಟ್ಟಲೆಯ ಚಿಕಿತ್ಸೆಯಲ್ಲಿ ಹೀಗೆ ಒಂದೊಂದಾಗಿ ಎಲ್ಲವನ್ನೂ ಕೈಯಿಂದ ತೆಗೆಯುತ್ತ ಹೋದರೆ, ಕೊನೆಗೆ ರೋಗಿಗೆ ಉಳಿಯುವ ಉದ್ಯೋಗ ರೋಗ ಒಂದೇ. ಮೂರನೆಯ ರಾತ್ರಿ ನಾನು ಹತ್ತಿಯ ಕೈಗವಸು ತೊಟ್ಟು, ಮಫ್ಲರ್ ಸುತ್ತಿ, ಚಾವಡಿಗೆ ಹೋಗಿ ಪುಸ್ತಕ ಕೇಳಿ ತೆಗೆದುಕೊಂಡೆ. ಯಜಮಾನರಿಗೆ ಸಿಟ್ಟು ಬಂತು, ಮೈದುನನಿಗೆ ನಿರಾಳವಾಯಿತು. ಅವನ ಕೂಡುವಿಕೆ ಹಿಂದಿನ ರಾತ್ರಿಯೇ ಎರಡು ಕಡೆ ಎಡವಿತ್ತು. ಗವಸು ತೊಟ್ಟು ಬರೆದ ನನ್ನ ಅಂಕಿಗಳು ಎರಡನೆಯ ತರಗತಿಯ ಮಗುವಿನವಂತಿವೆ, ಆದರೆ ಮೊತ್ತ ಸರಿಯಿದೆ.

ಎರಡನೆಯ ಡ್ರಿಪ್ಪು ಬರುವ ವಾರ. ಸೋಮವಾರ ರಕ್ತ ಕೊಡಬೇಕು. ಸೋಂಕು ತಡೆಯುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ 1,500ಕ್ಕಿಂತ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದರೆ ನಮ್ಮ ಡಾಕ್ಟರು ಒಂದು ವಾರ ಮುಂದೂಡುತ್ತಾರೆ. ಓರಗಿತ್ತಿಯ ಮಂಡಿನೋವು ನನ್ನ ಕಾಯಿಲೆಗಿಂತ ಹಳೆಯದು, ನನ್ನ ದೆಸೆಯಿಂದ ಮೂಲೆಗೆ ಬಿದ್ದದ್ದು. ಡ್ರಿಪ್ಪಿನ ದಿನವೇ ಶಿವಮೊಗ್ಗದಲ್ಲಿ ಮೂಳೆ ಡಾಕ್ಟರ ಹತ್ತಿರ ಅವಳ ಹೆಸರು ಬರೆಸಿದ್ದೇನೆ. ನನ್ನ ಡ್ರಿಪ್ಪು ಇಳಿಯುವ ಎರಡು ಗಂಟೆಯಲ್ಲಿ ಅವಳ ಎಕ್ಸ್‌ರೇ ಆಗಬೇಕು, ಅಷ್ಟು ಹೊತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಯಜಮಾನರು ಕೂರಬೇಕು ಎಂಬುದು ನನ್ನ ಏರ್ಪಾಡು. ಅವರು ಒಪ್ಪಿದ್ದಾರೆ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ಫೋನು ಮಾಡಿ ಆ ದಿನದ ಕೊಯ್ಲನ್ನು ಹಿಂದೆಮುಂದೆ ಮಾಡಲಾದೀತೇ ಎಂದು ಕೇಳಿದ್ದಾರೆ. ಅವನು ಮಾತ್ರ ಇನ್ನೂ ಒಪ್ಪಿಲ್ಲ.